ನೀರು ಕುಡಿದ ಅಟ್ಟ

ಒಣಗಿದ ಕಾಯಿಯೊಳಗೆ ಕೊಬ್ಬರಿ ಕಳಚಿಕೊಂಡು ಲೊಡಲೊಡ ಎನ್ನುವ ಸದ್ದು ಕೇಳಿದರೆ ಇವತ್ತಿಗೂ ನನ್ನ ಕಣ್ಣು ಮೊದಲು ಸೂರಿನ ಕಡೆಗೆ ಹೋಗುತ್ತದೆ. ಮೊನ್ನೆ ತಿಪಟೂರಿನ ಬೀದಿಯಲ್ಲಿ ಮುದುಕರೊಬ್ಬರು ಕಾಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ನಾನು ನಿಂತಲ್ಲೇ ತಲೆಯೆತ್ತಿದೆ. ಮೇಲೆ ಬರೀ ಬಿಸಿಲಿತ್ತು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಮಟ್ಟಿಗೆ ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಸದ್ದು ಬರುತ್ತದೆ. ಆಗ ನಮ್ಮ ತಾತ, "ಕಾಯಿ ಮಾತಾಡ್ತು ಕಣ್ಲಾ" ಎಂದು ಸುಲಿಯುವವರಿಗೆ ಹೇಳಿಕಳುಹಿಸುತ್ತಿದ್ದರು.

ತುರುವೇಕೆರೆಯಿಂದ ಸಂಪಿಗೆಗೆ ಹೋಗುವ ದಾರಿಯಲ್ಲಿತ್ತು ನಮ್ಮ ತೋಟದ ಮನೆ. ಹಿಂಭಾಗದಲ್ಲಿ ಉದ್ದನೆಯ ಅಟ್ಟದ ಮನೆ. ಮೇಲೆ ನಾಡಹೆಂಚು, ಅದರ ಕೆಳಗೆ ತೊಲೆಗಳ ಮೇಲೆ ಅಡಿಕೆ ದಬ್ಬೆ ಹಾಸಿದ ಅಟ್ಟ, ಅಟ್ಟದ ಕೆಳಗೆ ದನ. ಸಗಣಿ, ಹುಲ್ಲು, ಒಣಗುವ ಮಟ್ಟೆ ಎಲ್ಲ ಬೆರೆತ ಅಲ್ಲಿಯ ವಾಸನೆ ನನ್ನ ಬಾಲ್ಯದ ವಾಸನೆ. ಬೇಸಿಗೆಯ ಮಳೆ ಗಾಳಿ ಕಟ್ಟಿಕೊಂಡೇ ಬರುತ್ತಿತ್ತು, ಮನೆಯ ಸುತ್ತ ಸೂರಿನೆತ್ತರವನ್ನು ಎಂದೋ ದಾಟಿದ ತೆಂಗಿನ ಮರಗಳು. ಗಾಳಿಯೆದ್ದರೆ ತಾತ ಎಲ್ಲರನ್ನೂ ಗದರಿಸಿ ಅಟ್ಟದ ಕೆಳಗೆ ನಿಲ್ಲಿಸುತ್ತಿದ್ದರು. ನಾನು ಕೈಗೂಸಾಗಿದ್ದಾಗ ಮರವೊಂದು ಮುರಿದು ಅಟ್ಟದ ಮನೆಯ ಮೇಲೆ ಬಿದ್ದಿತ್ತಂತೆ. ಹೆಂಚು ಪುಡಿಯಾದರೂ ಅಟ್ಟದ ತುಂಬ ಇದ್ದ ಕಾಯಿ ಮರವನ್ನು ಹಾಸಿಗೆಯ ಹಾಗೆ ಹಿಡಿದುಕೊಂಡಿತಂತೆ. ಆ ಕಥೆಯನ್ನು ತಾತ ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದರು. ಅಮ್ಮ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ನಕ್ಕರೂ ಎಲ್ಲರೂ ನಂಬಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಬೇಸಿಗೆಯಲ್ಲಿ ಪುಟ್ಟತ್ತೆ ಬಾಣಂತನಕ್ಕೆ ಬಂದಿದ್ದಳು. ತಾತನ ಒಬ್ಬಳೇ ಮಗಳು, ನೊಣವಿನಕೆರೆ ಕಡೆಗೆ ಕೊಟ್ಟಿದ್ದರು. ಅಟ್ಟದಲ್ಲಿ ಹಿಂದಿನ ವರ್ಷದ ಕಾಯಿ ಆಗಲೇ ಮಾತಾಡಲು ಶುರುಮಾಡಿತ್ತು. ಇಳಿಸಬೇಕಿತ್ತು. ಆದರೆ ಇಳಿಸಿ ಸುಲಿಯುವುದೆಂದರೆ ಆಳುಗಳ ಗದ್ದಲ, ಮೂಗು ಮುಚ್ಚಿದರೂ ಬಿಡದ ಮಟ್ಟೆಯ ಧೂಳು. "ಎಳೇ ಮಗ ಐತೆ ಮನೇಲಿ. ಅವ್ಳು ಗಂಡನ್ ಮನೆಗೆ ಹೋಗ್ಲಿ, ಆಮೇಲೆ ಇಳ್ಸಾನ ಬುಡು" ಎಂದರು ತಾತ. ಹೊಸ ಕೊಯ್ಲಿನ ಕಾಯಿ ಕಾಯುತ್ತದೆಯೇ? ಅದನ್ನೂ ಹಳೆಯ ಕಾಯಿಯ ಮೇಲೆಯೇ ಸುರಿಸಿದರು. ಮಗಳ ಮೇಲಿನ ಅಕ್ಕರೆಯಲ್ಲದೆ ಬೇರೇನೂ ಅದರಲ್ಲಿರಲಿಲ್ಲ.

ಆ ದಿನ ಬೆಳಗಿನಿಂದ ಒಂದು ಗರಿಯೂ ಅಲುಗಾಡಿರಲಿಲ್ಲ. ಕಾಗೆಗಳು ಕೊಕ್ಕು ತೆರೆದುಕೊಂಡು ದನದ ನೀರಿನ ಬಾನಿಯ ಅಂಚಿನಲ್ಲಿ ಕೂತಿದ್ದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳ ಮೇಲೆ ಮೋಡ ಹಳೆಯ ತಾಮ್ರದ ಬಣ್ಣಕ್ಕೆ ತಿರುಗಿತು. ಆಮೇಲೆ ತೋಟದ ಆ ತುದಿಯಿಂದ ಗಾಳಿಯ ಸದ್ದು ಮೊದಲು ಬಂತು, ಗಾಳಿ ಆಮೇಲೆ ಬಂತು. "ಅಟ್ಟದ್ ಕೆಳಿಕ್ ಬನ್ರಲಾ!" ತಾತ ಕೂಗಿದರು. ಅಮ್ಮ, ನಾನು, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡ ಪುಟ್ಟತ್ತೆ ಎಲ್ಲ ದನಗಳ ನಡುವೆ ಒತ್ತರಿಸಿ ನಿಂತೆವು. ಹೊರಗೆ ಮರಗಳು ನೆಲ ಮುಟ್ಟುವಂತೆ ಬಾಗಿ ಏಳುತ್ತಿದ್ದವು. ಅಮ್ಮ ಗುಡುಗಿಗೊಮ್ಮೆ ಅರ್ಜುನನ ಹೆಸರು ಹೇಳುತ್ತಿದ್ದಳು. ನಂತರ ಆನೆಕಲ್ಲು ಬಿತ್ತು. ನಿಂಬೆಹಣ್ಣಿನ ಗಾತ್ರದ ಕಲ್ಲುಗಳಿಗೆ ಹೆಂಚು ಒಡೆಯುವುದು ಮೇಲೆ ಕೇಳುತ್ತಿತ್ತು. ಮಳೆ ನೇರವಾಗಿ ಅಟ್ಟಕ್ಕೆ ಸುರಿಯಿತು. ಆದರೆ ನಮ್ಮ ಮೇಲೆ ಹನಿ ಬೀಳಲಿಲ್ಲ. ತಾತನಿಗೆ ಅದೇ ಹೆಮ್ಮೆ. "ನೋಡ್ರಲಾ, ಒಂದ್ ತೊಟ್ಟೂ ಕೆಳಗಿಳೀತಿಲ್ಲ. ಎಲ್ಲಾ ಮಟ್ಟೇನೇ ಕುಡ್ಕಂತು!"

ಹುಟ್ಟಿದಾಗಿನಿಂದ ಕಾಯಿ ಹೊತ್ತವರು ನಾವು. ನೆನೆದ ಮಟ್ಟೆ ಎಷ್ಟು ಭಾರವೆಂದು ನಮಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಆದರೂ ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಎಲ್ಲರ ಧ್ಯಾನ ಮರದ ಮೇಲೆ, ಗಾಳಿಯ ಮೇಲಿತ್ತು.

ಬಂದಷ್ಟೇ ಬೇಗ ಮಳೆ ಹೋಯಿತು. ಬಿಸಿಲು ಕೂಡ ಬಂತು. ಅಂಗಳದ ತುಂಬ ಬೆಳ್ಳಗೆ ಆನೆಕಲ್ಲು. ನಾನು ಆಯ್ದು ಬಾಯಿಗೆ ಹಾಕಿಕೊಂಡೆ, ತಾತನೂ ಒಂದು ಹಾಕಿಕೊಂಡು ಹಲ್ಲು ಜುಮ್ಮೆಂದು ಮುಖ ಸಿಂಡರಿಸಿದರು. ಎಲ್ಲರೂ ನಕ್ಕೆವು. ಬದುಕಿಕೊಂಡೆವೆಂಬ ನಗು ಅದು. ಪುಟ್ಟತ್ತೆ ಮಗುವನ್ನು ನನ್ನ ಮಡಿಲಿಗೆ ಹಾಕಿ, "ಹಿಡ್ಕೊಳೇ, ದನ ಗಾಬ್ರಿಯಾಗವೆ. ಬಿಚ್ಚಿ ಬತ್ತೀನಿ" ಎಂದು ಒಳಗೆ ಹೋದಳು. ಎತ್ತುಗಳು ಹೊರಗೆ ಬಂದವು. ಕೆಂದ ಹಸು ಹಗ್ಗ ಎಳೆದುಕೊಂಡು ಹೊರಗೆ ಬಂತು. ಕರು ಮಾತ್ರ ಉಳಿದಿತ್ತು. ಆಗ ಒಳಗೆ ತೊಲೆ ಲಟ್ಟೆಂದಿತು. ಆಮೇಲೆ ಕಾಯಿ ಉರುಳುವ ಸದ್ದು, ಅದು ಬಹಳ ಹೊತ್ತು ನಿಲ್ಲಲೇ ಇಲ್ಲ. ನನ್ನ ಮಡಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು.

ಊರಿನವರೆಲ್ಲ ಓಡಿ ಬಂದರು. ಸಾಲಾಗಿ ನಿಂತು ಕೈಯಿಂದ ಕೈಗೆ ಕಾಯಿ ಸಾಗಿಸಿದರು. ನೀರು ಕುಡಿದ ಒಂದೊಂದು ಕಾಯಿಯೂ ಗುಂಡುಕಲ್ಲಾಗಿತ್ತು. ತಾತ ಯಾರ ಕೈಗೂ ಕೊಡದೆ ಎರಡೂ ಕೈಯಿಂದ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದರು, "ಬಂದೆ ಕಣವ್ವ, ಬಂದೆ ಕಣವ್ವ" ಎನ್ನುತ್ತ. ಪುಟ್ಟತ್ತೆ ಸಿಕ್ಕಿದಾಗ ಕರುವಿನ ಕೊರಳಿನ ಗಂಟು ಅರ್ಧ ಬಿಚ್ಚಿತ್ತು. ಇಬ್ಬರಲ್ಲೂ ಉಸಿರಿರಲಿಲ್ಲ. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಹೊಗಳುವವರ ಪಕ್ಕದಿಂದ ನಾನು ಎದ್ದು ಹೋಗುತ್ತೇನೆ. ಜಂಬವಲ್ಲ, ಆ ಸಂಜೆ ನಮ್ಮ ಅಂಗಳದ ತುಂಬ ಅದೇ ವಾಸನೆಯಿತ್ತು.

ಆ ಕಾಯಿಗಳಲ್ಲಿ ಒಂದನ್ನೂ ತಾತ ಮಾರಲಿಲ್ಲ. ಅಂಗಳದ ಮೂಲೆಯಲ್ಲೇ ಕೊಳೆತು ಹೋದವು. ನೊಣವಿನಕೆರೆಯವರು ಮಣ್ಣಿಗೆ ಬಂದು ಹೋದರು, ಮಗು ನಮ್ಮಲ್ಲೇ ಉಳಿಯಿತು. ಅದಕ್ಕೆ ಹಾಲು ಬೇಕಿತ್ತು. ಕರು ಕಳೆದುಕೊಂಡ ಹಸು ಯಾರು ಕೂತರೂ ಒದೆಯುತ್ತಿತ್ತು, ಹಾಲು ಇಳಿಸುತ್ತಿರಲಿಲ್ಲ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸಿದರೆ ಹಸು ನೆಕ್ಕಿಕೊಂಡು ಹಾಲು ಬಿಡುತ್ತದೆಂದು ಊರಿನವರೊಬ್ಬರು ಹೇಳಿದರು. ನಮ್ಮ ಕಡೆ ಹಾಗೆ ಮಾಡುವುದುಂಟು. ತಾತ ತಲೆಯೆತ್ತದೆ, "ಸತ್ತಿರೋದ್ನ ಬದ್ಕೈತೆ ಅಂತ ಅದಕ್ ತೋರ್ಸನಾ? ಬ್ಯಾಡ ಬುಡಪ್ಪ" ಎಂದರು.

ನಮ್ಮ ಮನೆಯಲ್ಲಿ ಹಾಲು ಕರೆಯುವುದು ಹೆಂಗಸರ ಕೆಲಸವಾಗಿತ್ತು. ತಾತ ಅದುವರೆಗೆ ಚೊಂಬು ಹಿಡಿದು ಕೂತವರಲ್ಲ. ಈಗ ಹೊತ್ತು ಹೊತ್ತಿಗೂ ಹಸುವಿನ ಬಳಿ ಕೂತರು. ಅದರ ಕೊರಳ ಕೆಳಗಿನ ಗಂಗೆದೊಗಲು ಸವರುತ್ತ, ಒದೆ ತಿನ್ನುತ್ತ ಕೂತೇ ಇರುತ್ತಿದ್ದರು. ಒಂದು ಬೆಳಗ್ಗೆ ಹಸು ಅವರ ಕೈಗೆ ಹಾಲು ಬಿಟ್ಟಿತು. ತಾತ ಅಳುತ್ತಲೇ ಕರೆದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಿಮಗೂ ಇಂಥದ್ದೊಂದು ಮನೆ ಇದ್ದಿರಬಹುದು, ಈಗ ಇಲ್ಲದಿರಬಹುದು. ನಮ್ಮದು ಪಾಲಾಗಿ, ಗೋಡೆ ಬಿದ್ದು, ಅಲ್ಲೀಗ ಯಾರದೋ ಬಾಳೆ ಇದೆ. ಕಣ್ಣು ಮುಚ್ಚಿದರೆ ನನಗೆ ಅಲ್ಲಿಯ ಒಂದು ಸಂಜೆ ಕಾಣುತ್ತದೆ. ಪುಟ್ಟತ್ತೆಯ ಮಗ ರಂಗ ಆಗಷ್ಟೇ ಮಾತು ಕಲಿತಿದ್ದ. ತಾತ ಹಾಲಿನ ಲೋಟ ಅವನ ಕೈಗಿಟ್ಟು, "ಕುಡಿ ಕಣಪ್ಪ, ನಿಮ್ಮವ್ವ ಬಿಚ್ಚಿ ಕಳ್ಸಿದ್ ಹಸ ಇದು" ಎಂದರು. ಅವನಿಗೆ ಏನು ತಿಳಿಯಬೇಕು? ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಲೋಟ ಮುಂದೆ ಚಾಚಿದ. "ತಾತ, ಇನ್ನೊಂದ್ ಚೂರು." ಕರೆದು ಮುಗಿದಿತ್ತು. ಕೆಚ್ಚಲಲ್ಲಿ ಏನೂ ಉಳಿದಿರಲಿಲ್ಲ, ತಾತನಿಗೂ ಅದು ಗೊತ್ತಿತ್ತು. ಆದರೂ ಚೊಂಬು ಎತ್ತಿಕೊಂಡು ಮತ್ತೆ ಹಸುವಿನ ಬಳಿಗೆ ಹೋದರು.