ಬಾರಕೋಲಿನ ಮೊಳೆಗೆ ಮೂರು ದಿನದ ಸೂತಕ

ಅಕ್ಕಿಆಲೂರಿನ ಸಂತೆಯಲ್ಲಿ ಇವತ್ತು ಎತ್ತಿನ ಕೊಂಬಿಗೆ ಹಚ್ಚುವ ಬಣ್ಣದ ವಾಸನೆ ಬಂತು.

ಕಾರಹುಣ್ಣಿಮೆಗೆ ಅವ್ವ ಅದೇ ಬಣ್ಣ ಬಳಿದು ನಮ್ಮ ಎತ್ತಿನ ಕಾಲಿಗೆ ಬೀಳುತ್ತಿದ್ದಳು. ಮರುದಿನ ಅಪ್ಪ ಅದೇ ಎತ್ತನ್ನು ಹೊಡೆಯುವಾಗ ಬಾರಕೋಲಿನ ತುದಿಯ ಮೊಳೆಯಿಂದ ಚುಚ್ಚುತ್ತಿದ್ದ. ಅದರ ತೊಡೆಯ ಗಾಯ ಆರುತ್ತಲೇ ಇರಲಿಲ್ಲ. ಹುಡುಗನಾಗಿದ್ದ ನಾನು ಒಂದು ದಿನ ಆ ಮೊಳೆ ಕಿತ್ತು, ಹಿತ್ತಲಲ್ಲಿ ಹೂತು, ಊದಿನಕಡ್ಡಿ ಹಚ್ಚಿ, ಮೂರು ದಿನದ ಸೂತಕ ಘೋಷಿಸಿದೆ.

"ಎತ್ತು ಅಂದ್ರ ನಮಗ ಬಸವಣ್ಣ. ಕರುಣಾ ಕಲಸೂದಿದ್ರ ಕುರಿ ಕೊಯ್ಯೋ ಹುಸೇನಸಾಬಗ ಕಲಸಹೋಗು" ಎಂದ ಅಪ್ಪ.

ಪಕ್ಕದ ಮನೆಯ ಹುಸೇನಸಾಬ ಕಾಕಾ ತನ್ನ ಟಾಂಗಾದ ಕುದುರೆಗೆ ಹುಲ್ಲು ಹಾಕದೆ ತಾನು ಉಣ್ಣುತ್ತಿರಲಿಲ್ಲ. ಅಪ್ಪನ ಮಾತು ಹೇಳಿದ್ದಕ್ಕೆ, "ನಾ ಒಂದ ಸಲ ಕೊಯ್ತೇನಿ, ನಿಮ್ಮಪ್ಪ ದಿನಾ ಚುಚ್ಚತಾನ. ಇಬ್ಬರೂ ದೇವರ ಹೆಸರು ತಗೊಂಡೇ ಮಾಡ್ತೀವಿ, ತಮ್ಮಾ" ಎಂದ.

ಸೂತಕ ಮುಗಿಯುವ ಮೊದಲೇ ಅಪ್ಪ ಹೊಸ ಮೊಳೆ ಹೊಡೆದಿದ್ದ.

ಇವತ್ತು ಬಣ್ಣದ ಡಬ್ಬಿಗಳ ಪಕ್ಕದಲ್ಲೇ ಬಾರಕೋಲುಗಳಿದ್ದವು. "ಇದರ ಮೊಳಿ ಉದ್ದ ಐತ್ರಿ" ಎಂದ ಅಂಗಡಿಯವ.