ಎರಡೂವರೆಗೆ ನಿಂತ ಮುಳ್ಳು

ಕಾಲೇಜಿನ ಕೆಮಿಸ್ಟ್ರಿ ಮೇಡಂ ನನ್ನ ಸ್ವಂತ ಅಕ್ಕ. ಹೇಳಿಕೊಳ್ಳುವಾಗಲೆಲ್ಲ ನನಗೆ ಎದೆಯುಬ್ಬುತ್ತದೆ. ನಾನು ಅವಳದೇ ಲ್ಯಾಬಿನ ಅಟೆಂಡರ್. ಅಲ್ಲಿ ನನಗೆ ಅವಳು ‘ಮೇಡಂ’, ಅವಳಿಗೆ ನಾನು ‘ನೀವು’. ಇದು ಅವಳದೇ ಕಟ್ಟಪ್ಪಣೆ.

ಪ್ರತಿವರ್ಷ ಅವಳದೊಂದು ಕಿತಾಪತಿ ಇದೆ. ಒತ್ತಡ ತೋರಿಸುವ ಮುಳ್ಳಿನ ಮೀಟರ್ ಜೋಡಿಸಿದ ದಪ್ಪ ಗಾಜಿನ ಸಿರಿಂಜುಗಳಿಗೆ ಲೈಟರಿನ ಗ್ಯಾಸ್ ತುಂಬಿಸಿ ಮಕ್ಕಳ ಕೈಗೆ ಕೊಡುತ್ತಾಳೆ. ಗ್ಯಾಸನ್ನು ಮೂರರಲ್ಲೊಂದು ಪಾಲಿಗೆ ಒತ್ತಿದರೆ ಒತ್ತಡ ಮೂರು ಪಟ್ಟಾಗಬೇಕು ಎನ್ನುತ್ತದೆ ಪುಸ್ತಕದ ಸೂತ್ರ. ಆದರೆ ಆ ಸೂತ್ರ ಆದರ್ಶ ಅನಿಲದ್ದು. ಅದರ ಅಣುಗಳು ಒಂದನ್ನೊಂದು ಮೂಸಿಯೂ ನೋಡುವುದಿಲ್ಲ. ನಿಜವಾದ ಗ್ಯಾಸಿನ ಅಣುಗಳೋ, ಇಕ್ಕಟ್ಟಾದರೆ ಸಾಕು, ಅಂಟಿಕೊಂಡು ಹನಿಯಾಗತೊಡಗುತ್ತವೆ. ಒತ್ತಡದ ಮುಳ್ಳು ಎರಡೂವರೆಗೇ ನಿಂತುಬಿಡುತ್ತದೆ.

ಮಕ್ಕಳು ಮುಳ್ಳಿನ ಕಡೆ ನೋಡಿದರೆ ತಾನೆ? ಸೂತ್ರ ಹಾಕಿ ‘ಮೂರು’ ಎಂದುಬಿಡುತ್ತಾರೆ. ಈ ಸಲವೂ ಮೇಜಿನಿಂದ ಮೇಜಿಗೆ ಅದೇ ರಾಗ. ಅಕ್ಕನ ಮೂಗಿನ ತುದಿ ಕೆಂಪಾಗಿತ್ತು.

ಕೊನೆಯ ಮೇಜಿನಲ್ಲಿ, ಎಲ್ಲರೂ ‘ಆಮೆ’ ಎಂದು ಕರೆಯುವ ಹುಡುಗಿ ಇನ್ನೂ ಸಿರಿಂಜಿಗೆ ಮುಖ ಅಂಟಿಸಿಕೊಂಡು ನಿಂತಿದ್ದಳು.

“ಎಷ್ಟಮ್ಮಾ?” ಎಂದಳು ಅಕ್ಕ.

“ಎರಡೂವರೆ ಮೇಡಂ. ಎಷ್ಟು ಒತ್ತಿದ್ರೂ ಮುಳ್ಳು ಮೇಲೇಳ್ತಿಲ್ಲ. ಒಳಗೆ ಹನಿ ಬೇರೆ ಕೂತಿದೆ.”

“ಪುಸ್ತಕ ಮೂರು ಅನ್ನುತ್ತಲ್ಲೇ?”

“ಪುಸ್ತಕ ಬರೆದೋರು ಈ ಸಿರಿಂಜ್ ನೋಡಿಲ್ವಲ್ಲ ಮೇಡಂ.”

ಅಕ್ಕ ಗಿರ್ರನೆ ನನ್ನ ಕಡೆ ತಿರುಗಿದಳು.

“ಕೇಳಿಸ್ಕೊಂಡ್ಯೇನೇ ಪುಟ್ಟೀ? ನನ್ನ ಸ್ಟೂಡೆಂಟು ಕಣೇ ಇವಳು!” ಎಂದು ಕಾರಿಡಾರಿಗೂ ಕೇಳುವಂತೆ ಕೂಗಿದಳು.