ನನ್ನ ಸೊಂಟದ ಜಾಹೀರಾತು

ಹೊನ್ನಾವರದ ಬಸ್ ಸ್ಟ್ಯಾಂಡಿನೆದುರು ಉಳುಕು ತೆಗೆಯುವವನೊಬ್ಬನಿದ್ದ. ಹಿಡಿದುಕೊಂಡಿದ್ದ ನನ್ನ ಸೊಂಟವನ್ನು ಅವನು ನೀವಿ ಸರಿಮಾಡಿದ್ದು ನಿಜ. ಆದರೆ ಆಮೇಲೆ ಆ ಸೊಂಟ ನನ್ನದಾಗಿ ಉಳಿಯಲಿಲ್ಲ. ಬಸ್ಸಿನಿಂದ ಯಾರಾದರೂ ಕುಂಟುತ್ತ ಇಳಿದರೆ ಸಾಕು, ದಾರಿಯಲ್ಲಿ ಹೋಗುತ್ತಿದ್ದ ನನ್ನ ತೋಳು ಹಿಡಿದು ನಿಲ್ಲಿಸುತ್ತಿದ್ದ: "ಮಾಸ್ತರೇ, ಒಂಚೂರು ಬಗ್ಗಿ ತೋರ್ಸಿ!" ಶಾಲೆಯ ಮಕ್ಕಳೆದುರು, ನಡುರಸ್ತೆಯಲ್ಲಿ, ನಾನು ಬಗ್ಗಬೇಕು!

ಒಮ್ಮೆ, ಮಗಳನ್ನು ನನಗೆ ಕೊಡುವ ಮಾತಾಡಲು ಕುಮಟೆಯಿಂದ ಬಂದಿದ್ದ ಹಿರಿಯರೊಬ್ಬರನ್ನು ಬಸ್ಸು ಹತ್ತಿಸಲು ಹೋದೆ. ಇವನು ಓಡಿಬಂದ. "ಇವ್ರು ಏಳೂಕೂ ಆಗ್ದೇ ಬಿದ್ಕಂಡಿದ್ರು! ಬಗ್ಗಿ ತೋರ್ಸಿ, ಮಾಸ್ತರೇ!"

ಸೊಂಟ ಹಿಡಿದ ವರ ಬೇಡವೆಂದು ಹಿರಿಯರು ಸಂಬಂಧ ಮುರಿದರು.

ವಾರದೊಳಗೆ ಅದೇ ಹಿರಿಯರು ಅವನ ಅಂಗಡಿಯ ಬೆಂಚಿನ ಮೇಲೆ ಬೋರಲು ಮಲಗಿದ್ದರು. ನಾನು ತಲೆ ತಗ್ಗಿಸಿ ದಾಟುತ್ತಿದ್ದೆ. ಒಳಗಿನಿಂದ ಕೂಗು ಬಂತು: "ಮಾಸ್ತರೇ, ಇವ್ರಿಗೆ ಹೆದ್ರಿಕೆ ಅಂತೆ. ಒಂಚೂರು ಬಗ್ಗಿ ತೋರ್ಸಿ!"